ಹದಿನೇಳು ನಿಮಿಷದ ರೀಲು

ನಾಮದ ಚಿಲುಮೆಯ ಗೆಸ್ಟ್‌ಹೌಸ್ ಗೋಡೆಗೆ
ರೇಂಜರ್ ಸಾಹೇಬರ ಮಂಚದ ದುಪ್ಪಟಿ ಬಿಗಿದು
ರೀಲು ಹಾಕಿದೆ. ಶಿವರಾತ್ರಿ ಕಳೆದು ನಾಲ್ಕು ದಿನ.
ನೆಲದ ಮೇಲೆ ಕೂತವರು ಬೆಂಕಿ ಕಾವಲಿನವರು, ಹನ್ನೊಂದು ಜನ,
ದಿನಗೂಲಿ ಮೇಲೆ, ಮೊದಲ ಮಳೆ ಬೀಳುವ ತನಕ.

ಯಾವ ದೇಶದ್ದೋ. ಡಬ್ಬದ ಚೀಟಿ ಹರಿದಿತ್ತು.
ಹಿನ್ನೆಲೆ ದನಿ ಹಿಂದಿಯಲ್ಲಿ, ವಾರ್ತೆ ಓದುವ ಗತ್ತಿನಲ್ಲಿ.
ಟೋಪಿಯ ರೇಂಜರು ಗೋಪುರ ಹತ್ತಿ ದುರ್ಬೀನು ತಿರುಗಿಸುತ್ತಾನೆ;
ಪೈಲಟ್ಟು ಕೈಗವಸು ತೊಟ್ಟು ನಗುತ್ತಾನೆ;
ವಿಮಾನ ಹೊಟ್ಟೆ ಬಿಚ್ಚಿ ಒಂದು ಕೆರೆಯನ್ನೇ ಸುರಿಯುತ್ತದೆ.

ಹಳೇ ರೀಲು. ಹಸಿರೆಲ್ಲ ಎಂದೋ ಇಳಿದುಹೋಗಿ
ಉಳಿದದ್ದು ಕೆಂಪೊಂದೇ.
ಮರ ಕೆಂಪು, ಬೆಟ್ಟ ಕೆಂಪು, ಸುರಿಯುವ ನೀರೂ ಕೆಂಪು.
‘ಇನ್ನೂ ಹತ್ತಿಲ್ಲ ತಾನೇ ಸಾ?’
ಗವಿಸಿದ್ದಯ್ಯ ಎರಡು ಸಲ ಕೇಳಿದ.
‘ಇಲ್ಲ ಕಣಯ್ಯ. ನೋಡ್ತಿರು.’

ಮುಗಿದ ಮೇಲೆ, ಏನಾದರೂ ಕೇಳಿ ಅಂದರು ಸಾಹೇಬರು.
ಆ ಪೈಲಟ್ಟಿಗೆ ದಿನಕ್ಕೆಷ್ಟು ಕೊಡ್ತಾರೆ?
ಕೆರೆ ಮೀನು ಏನಾಗ್ತವೆ?
ಅಷ್ಟೆತ್ತರದಲ್ಲಿ ಅವನಿಗೆ ಹೊಗೆ ವಾಸನೆ ತಿಳೀತದಾ,
ಜಾಲಾರಿ ಯಾವುದು, ತುಗ್ಗಲಿ ಯಾವುದು,
ಬರೀ ಬಾದೆಹುಲ್ಲು ಯಾವುದು ಅಂತ?
ಇದನ್ನು ಕೇಳಿದ್ದು ಪುಟ್ಟರಂಗಮ್ಮ,
ಬೆಟ್ಟದ ಯಾವ ಮಗ್ಗುಲು ಉರೀತಿದೆ ಅಂತ
ಮನೆ ಜಗಲಿ ಮೇಲಿಂದ ಮೂಗಿನಲ್ಲೇ ಹೇಳುವವಳು.
ಸಾಹೇಬರು ದುಪ್ಪಟಿ ಮಡಚಿದರು.
ಹೊರಗೆ ಬಂಡೆಯ ತೂತಿನಲ್ಲಿ ಚಿಲುಮೆ
ತನ್ನ ಚೊಂಬು ನೀರನ್ನು ತುಂಬಿಕೊಳ್ಳುತ್ತಲೇ ಇತ್ತು.

ವ್ಯಾನು ಊರ್ಡಿಗೆರೆ ಮುಟ್ಟಿರಲಿಲ್ಲ,
ಕನ್ನಡಿಯಲ್ಲಿ ದುರ್ಗದ ಸೆರಗಿಗೆ ಒಂದು ಕೆಂಪು ದಾರ.
ರೀಲಿನ ಬಣ್ಣವೇ ಕಣ್ಣಲ್ಲಿ ಉಳಿದಿದೆ ಅಂದುಕೊಂಡೆ.
ಒಂದು ಫರ್ಲಾಂಗು ಹಾಗೇ ಅಂದುಕೊಂಡೆ.
ಆಮೇಲೆ ತಿರುಗಿಸಿದೆ.

ಅವರು ಆಗಲೇ ಸಾಲುಗಟ್ಟಿದ್ದರು, ಹಸಿ ಹೊಂಗೆ ಸೊಪ್ಪು ಹಿಡಿದು.
ಬಡಿ, ಹಿಂದೆ ಸರಿ, ಬಡಿ.
ಯಾರೋ ನನ್ನ ಕೈಗೂ ಒಂದು ಕೊಂಬೆ ಕೊಟ್ಟರು.
ಇಲಾಖೆಯ ಪ್ಯಾಂಟು ಮೊಣಕಾಲ ತನಕ ಸುಟ್ಟಿತು;
ಅದಕ್ಕೊಂದು ಮೆಮೋ ಬಂತು, ಆ ಮಾತು ಬೇರೆ.

ನಡುರಾತ್ರಿ ನೆತ್ತಿ ಮೇಲೆ ಗುಡುಗುಡು.
ಹನ್ನೆರಡು ಮುಖ ಒಟ್ಟಿಗೆ ಮೇಲಕ್ಕೆ.
ಬೆಂಗಳೂರಿಗೆ ಇಳಿಯುವ ವಿಮಾನ.
ಕಿಟಕಿ ದೀಪ ಎಣಿಸಬಹುದಿತ್ತು
ಅಂತ ಗವಿಸಿದ್ದಯ್ಯ ಇವತ್ತಿಗೂ ವಾದಿಸುತ್ತಾನೆ.
ಅದು ಬಾಗಲಿಲ್ಲ. ಹೊಟ್ಟೆ ಬಿಚ್ಚಲಿಲ್ಲ.
ಯಾರೋ ಕೈ ಬೀಸಿದರು, ಯಾಕೋ.
‘ಗಾಳಿ ತಿರುಗ್ತು’ ಅಂದಳು ಪುಟ್ಟರಂಗಮ್ಮ,
ಹೊಸ ಸೊಪ್ಪು ಮುರಿಯಲು ಹೋದಳು.