ಬತ್ತಿ ಆರಿದರೆ ಹಿಂದೆ ಬಾ

ಬೀಡಿ ಬ್ರಾಂಚು ಮುಚ್ಚಿ ಆರು ವರ್ಷವಾಯಿತು.
ಬೋರ್ಡು ಇಳಿಸಿದವರು ಜಗಲಿಯನ್ನು ಒಯ್ಯಲಿಲ್ಲ.
ಬಾಯಾರಿನ ಆ ತಿರುವಿನಲ್ಲಿ, ಬುಧವಾರ ಐದೂವರೆಗೆ,
ಕೊನೆಯ ಬಸ್ಸು ಬರುವವರೆಗೆ ನಾವು ಕೂರುತ್ತೇವೆ.

ಸಂಘ ಅಲ್ಲ. ಹೆಸರಿಲ್ಲ.
ಅಧ್ಯಕ್ಷರೊಬ್ಬರು ಬೇಡವೇ, ಎಂದಿದ್ದರು ದಾಮು ಮಣಿಯಾಣಿ.
ಇದ್ದದ್ದು ಒಂದೇ ಕುರ್ಚಿ, ಅದಕ್ಕೂ ಮೂರು ಕಾಲು.
ನಾಲ್ಕನೆಯದನ್ನು ಕೂರಿಸುವುದು ಹೇಗೆಂದು ಅವರೇ ಕಲಿಸಿದರು,
ಅಂಟಿನಲ್ಲಿ ಕೈ ಮುಳುಗಿದ ಮೇಲೆ
ಅಧ್ಯಕ್ಷರ ಸುದ್ದಿ ಯಾರೂ ಎತ್ತಲಿಲ್ಲ.

ನಿನಗೇನು ಬರುತ್ತದೆ ಜಲಜಾಕ್ಷಿ, ಎಂದು ಕೇಳಿದಾಗ
ಮೂವತ್ತು ವರ್ಷ ಬೀಡಿ ಕಟ್ಟಿದವಳು ನಾನು
ಏನೂ ಇಲ್ಲ ಅಂದೆ.
ನೆಬಿಸಾ ನನ್ನ ಬೆರಳು ಹಿಡಿದು ಎಲ್ಲರೆದುರು ಎತ್ತಿದಳು:
ಇದಕ್ಕೆ ಕಣ್ಣು ಉಂಟು ಮಾರಾಯ್ರೆ,
ಕರೆಂಟು ಹೋದರೂ ಎಣಿಸುತ್ತದೆ.
ಈಗ ಮಕ್ಕಳಿಗೆ ಗಂಟು ಕಲಿಸುತ್ತೇನೆ.
ಬಿಗಿದಷ್ಟೂ ಜಾರದ್ದು, ಒಂದೇ ಎಳೆತಕ್ಕೆ ಬಿಚ್ಚುವುದು,
ಸೊಂಟಕ್ಕೆ ಕಟ್ಟಿದರೆ ಉಸಿರು ಹಿಡಿಯದ್ದು.

ಲಿಲ್ಲಿ ಕ್ರಾಸ್ತಾ ಹಳೆ ತಲೆದಿಂಬು ತಂದು
ಇದೇ ಎದೆ, ಒತ್ತಿ ಅಂದಳು.
ಹತ್ತಿ ಹೊರಬರುವವರೆಗೆ ಒತ್ತಿದೆವು.
ದಿಂಬು ಬದುಕಿತೋ ಇಲ್ಲವೋ, ದಾಮು ಮಣಿಯಾಣಿಯವರಿಗೆ
ಬೆವರು ಬಂದು ನೀರು ಕುಡಿಸಬೇಕಾಯಿತು.

ಇನ್ನು ಕಾಗದಗಳು.
ಪಂಚಾಯತಿನಿಂದ ಬರುವುದೆಲ್ಲ ಮಲಯಾಳದಲ್ಲಿ,
ಸಾಲಾಗಿ ಇಟ್ಟ ಕೊಡಪಾನದ ಬಾಯಿಗಳ ಹಾಗೆ ಅಕ್ಷರ.
ಕುಡಿಶ್ಶಿಕ ಎಂದರೆ ಕುಡಿಯುವ ನೀರಿನ ಸ್ಕೀಮು ಎಂದುಕೊಂಡು
ಐತಪ್ಪಜ್ಜ ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದರು.
ಹನ್ನೊಂದನೇ ಕ್ಲಾಸಿನ ರಂಸೀನ ಓದಿ ಹೇಳಿದಳು:
ಬಾಕಿ ಅಜ್ಜ, ಬಾಕಿ. ನಾನೂರ ಹನ್ನೆರಡು ರೂಪಾಯಿ.

ಆ ಅಜ್ಜ ತೋಡಿದ ಸುರಂಗ ನಲವತ್ತೊಂದು.
ಗುಡ್ಡದ ಹೊಟ್ಟೆಗೆ ಕಿವಿ ಇಟ್ಟು
ಇಲ್ಲಿ ಇಲ್ಲ, ಅಲ್ಲಿ ಉಂಟು, ಅನ್ನುವ ಮನುಷ್ಯ.
ಮೊಣಕಾಲು ಈಗ ಬಗ್ಗುವುದಿಲ್ಲ; ಬಾಯಿ ಬಗ್ಗುತ್ತದೆ.
ಮುರಕಲ್ಲು ಮುಗಿದು ಶೇಡಿ ಮಣ್ಣು ಸಿಕ್ಕಿದರೆ ಮಾತಾಡಬೇಡ.
ಬತ್ತಿಯನ್ನು ಮುಖಕ್ಕಿಂತ ಮುಂದೆ ಹಿಡಿ.
ಅದು ಆರಿದರೆ ಹಿಂದೆ ಬಾ, ನಾಚಿಕೆ ಇಲ್ಲ,
ನೀರು ಎಲ್ಲಿಗೂ ಓಡಿಹೋಗುವುದಿಲ್ಲ.

ಏಪ್ರಿಲಿನಲ್ಲಿ ನಲ್ಲಿ ಹತ್ತೊಂಬತ್ತು ದಿನ ಬಂದಾಗಿತ್ತು.
ಶಾಲೆಯ ಹಿಂದಿನ ಹಳೆ ಸುರಂಗದ ಬಾಯಿ ಕುಸಿದಿತ್ತು.
ಮಣ್ಣು ತೆಗೆದೆವು, ಬುಟ್ಟಿಯಿಂದ ಬುಟ್ಟಿಗೆ,
ತುಳುವಿನಲ್ಲಿ ಬೈದದ್ದು ಮರಾಠಿಯಲ್ಲಿ ತಿರುಗಿ ಬರುತ್ತ.
ರಂಸೀನ ಒಳಗೆ ಹೋದಳು, ಸೊಂಟದಲ್ಲಿ ನನ್ನ ಗಂಟು.
ಹಗ್ಗದ ಈ ತುದಿ ಅವಳ ಮಾಮನ ಕೈಯಲ್ಲಿ
ಮತ್ತು ದಾಮು ಮಣಿಯಾಣಿಯವರ ಕೈಯಲ್ಲಿ;
ಬೇಲಿ ಸರಿದ ಜಗಳದಲ್ಲಿ ಅವರಿಬ್ಬರಿಗೆ
ಒಂಬತ್ತು ವರ್ಷದಿಂದ ಮಾತಿಲ್ಲ.
ಆ ದಿನವೂ ಮಾತಾಡಲಿಲ್ಲ.
ಎಳೆದರು ಮಾತ್ರ ಒಟ್ಟಿಗೆ.

ಮೂವತ್ತು ಕೋಲಿನಲ್ಲಿ ಬತ್ತಿ ಆರಿತು.
ಅವಳು ಹಿಂದೆ ಬಂದಳು.
ಯಾರೂ ಏನೂ ಕೇಳಲಿಲ್ಲ.
ಸೊಪ್ಪಿನ ಗೆಲ್ಲು ಬೀಸಿ ಗಾಳಿ ಒಳಗೆ ತಳ್ಳಿದೆವು,
ಒಂದು ಸಂಜೆ, ಎರಡು ಸಂಜೆ.

ಮೂರನೆಯ ದಿನ ಬಂದದ್ದು
ಬೀಡಿ ನೂಲಿನಷ್ಟು ದಪ್ಪದ ನೀರು.
ಒಂದು ಕೊಡ ತುಂಬಲು ಅರ್ಧ ಗಂಟೆ.
ಮೊದಲ ಕೊಡ ಯಾರದು ಎಂದು ಸಣ್ಣ ಜಗಳವೂ ಆಯಿತು.
ಮರುದಿನ ನಲ್ಲಿಯೂ ಬಂತು, ಬೇಕೆಂದೇ ಎಂಬಂತೆ.

ಬತ್ತಿಯ ಮೋಟು ಜಗಲಿಯ ಗೂಡಿನಲ್ಲಿ ಇದೆ.
ಬರುವ ಬುಧವಾರ ಐತಪ್ಪಜ್ಜ
ಹೆಬ್ಬೆಟ್ಟು ಬಿಟ್ಟು ರುಜು ಹಾಕಲು ಕಲಿಯುತ್ತಾರಂತೆ.
ಯಾವ ಲಿಪಿಯಲ್ಲಿ ಎಂಬುದು
ಇನ್ನೂ ತೀರ್ಮಾನವಾಗಿಲ್ಲ.