ಶುಶಾನಿಕ್ ರೇಡಿಯೋ ಎಬ್ಬಿಸಿದ್ದು
(ಗ್ಯುಮ್ರಿ, ಆರ್ಮೇನಿಯ; ಮೆಟ್ಟಿಲ ಕೆಳಗಿನ ಅಂಗಡಿ)

ಡಿಮ್ಮರ್ ಹಾಕಿದೆಯಾ? ದೀಪದ ಡಿಮ್ಮರ್?
ಕೂತುಕೋ ಝಿರಾಯ್ರ್.
ಆ ಸ್ಟೂಲು ಬೇಡ, ಅದರ ಕಾಲು ಸರಿಯಿಲ್ಲ.

ನನ್ನ ಬೆಸುಗೆ ಕಡ್ಡಿಗೂ ಡಿಮ್ಮರೇ, ನೋಡು,
ಯಾರದೋ ಮಲಗುಕೋಣೆಯದು, ದಂತಬಣ್ಣದ ಗುಬುಟು.
ಕಡ್ಡಿಗೆ ಬೇಕಾದ್ದು ಬಿಸಿ, ಅಷ್ಟೇ;
ಅಲೆಯನ್ನು ಇಡಿಯಾಗಿ ಕೊಡು, ಕತ್ತರಿಸಿ ಕೊಡು, ಅದಕ್ಕೆ ಒಂದೇ.
ಟ್ರಾನ್ಸ್‌ಫಾರ್ಮರ್ ಹಾಗಲ್ಲ.
ಸೆಕೆಂಡಿಗೆ ನೂರು ಸಲ ಮಾತು ತುಂಡರಿಸಿದರೆ
ಯಾರು ತಾನೇ ಗುರುಗುಟ್ಟುವುದಿಲ್ಲ?
ಗುರುಗುಟ್ಟಿತು, ಬಿಸಿಯಾಯಿತು, ಅರಗಿನ ವಾಸನೆ ಬಂತು,
ಹೆದರಿ ಪ್ಲಗ್ ಕಿತ್ತೆ.
ನಿನ್ನ ಬುದ್ಧಿಯಲ್ಲ, ಆ ಹೆದರಿಕೆ ಇದನ್ನು ಉಳಿಸಿದ್ದು.

ಇದು ಲಾತ್ರ್. ಎತ್ತಿ ನೋಡು,
ಬರೀ ತಾಮ್ರ, ಕಬ್ಬಿಣ. ಕಾರ್ಖಾನೆ ಮುಚ್ಚಿದ ದಿನ
ಸಂಬಳದ ಬದಲು ಕೊಟ್ಟರು, ಕೋಟಿನೊಳಗೆ
ಕೂಸಿನ ಹಾಗೆ ಅವುಚಿಕೊಂಡು ತಂದೆ.
ಇದು ಅಲೆಯನ್ನು ಕತ್ತರಿಸದು, ಗಿಡ್ಡ ಮಾಡುತ್ತದೆ;
ಅದೇ ಬಾಗು, ಅದೇ ಬಳುಕು, ಸಣ್ಣ ದನಿಯಲ್ಲಿ.

ವರ್ಸೆನಿಕಜ್ಜಿಯ ರೇಡಿಯೋ ಯಾವಾಗಿನಿಂದ ಮೂಕ?
ಎಂಬತ್ತೆಂಟರ ಡಿಸೆಂಬರಿನಿಂದ.
ಹಾಗಾದರೆ ಮೂವತ್ತು ವೋಲ್ಟ್. ಮೊದಲು ಮೂವತ್ತು.
ಇಷ್ಟಕ್ಕೆ ವಾಲ್ವು ಕಣ್ಣು ಬಿಡದು,
ಅದರ ಜಾಗದಲ್ಲಿ ಸದ್ಯಕ್ಕೆ ಡಯೋಡು ಕೂರಿಸಿದ್ದೇನೆ.
ಕೆಪಾಸಿಟರಿನೊಳಗೆ ಸವೆದುಹೋದ ಪೊರೆ
ಮತ್ತೆ ಕಟ್ಟಿಕೊಳ್ಳಬೇಕು. ಅರ್ಧ ಗಂಟೆ. ಚಹಾ ಕುಡಿ.

ನನ್ನ ತಮ್ಮನನ್ನು ನಾಲ್ಕನೇ ದಿನ ಹೊರಗೆ ತೆಗೆದಾಗ
ಹೂಜಿ ತುಂಬ ನೀರು ಹಿಡಿದು ಓಡಿದ್ದೆ.
ಡಾಕ್ಟರಮ್ಮ ಕಸಿದುಕೊಂಡಳು.
ಕೈಗೆ ಒಂದು ಚಮಚ ಕೊಟ್ಟಳು.

ಐವತ್ತಕ್ಕೆ ಏರಿಸುತ್ತೇನೆ.

ಎಪ್ಪತ್ತು. ತೊಂಬತ್ತು. ಮುಟ್ಟಿ ನೋಡು, ತಣ್ಣಗಿದೆ.
ವಾಲ್ವು ಮತ್ತೆ ಅದರ ಮನೆಗೆ.
ನೂರಿಪ್ಪತ್ತೇಳಕ್ಕೆ ನಿಲ್ಲಬೇಕು;
ನಿನ್ನಜ್ಜಿ ಕೊಂಡಾಗ ಗೋಡೆಯಿಂದ ಬರುತ್ತಿದ್ದುದೇ ಅಷ್ಟು,
ಹಿಂಬದಿಯ ಕೀಲಿ ಇನ್ನೂ ಅಲ್ಲೇ ಇದೆ.
ಈಗಿನ ಇನ್ನೂರಿಪ್ಪತ್ತು ಇದಕ್ಕೆ ಗೊತ್ತೇ ಇಲ್ಲ.

ಡಯಲ್ ಬೆಳಗಿತು. ಶ್!

ಗರ್‌ರ್‌ರ್‌ರ್.

ಮುಖ ಸಣ್ಣ ಮಾಡಬೇಡ, ಇದು ರೇಡಿಯೋದ ರೋಗವಲ್ಲ.
ಮೇಲಿರುವುದು ಹ್ಮಯಾಕನ ಬೇಕರಿ; ನಿನ್ನೆಯ ಕೇಕು
ಇವತ್ತಿನದರಂತೆ ಕಾಣಲೆಂದು ದೀಪ ಮಬ್ಬು ಮಾಡಿದ್ದಾನೆ.
ನಿನ್ನಂಥದೇ ಡಿಮ್ಮರ್. ಅದು ಕತ್ತರಿಸಿ ಚೆಲ್ಲಿದ್ದೆಲ್ಲ
ಗಾಳಿಯಲ್ಲಿ ಉದುರಿ ಇದರ ಕಿವಿಗೆ ಬೀಳುತ್ತಿದೆ.
ಇಷ್ಟು ವರ್ಷದ ಮೇಲೆ ಎದ್ದು
ಮೊದಲು ಕೇಳಿಸಿಕೊಂಡದ್ದು ನೋಡು, ಬೇಕರಿಯ ಗೊಣಗು!

ಹೋಗಿ ಹೇಳು, ಶುಶಾನಿಕ್ ಹೇಳಿದಳೆಂದು:
ಐದೇ ನಿಮಿಷ,
ಪೂರ್ತಿ ಉರಿಸಲಿ, ಇಲ್ಲವೇ ಪೂರ್ತಿ ಆರಿಸಲಿ.
ಓಡಬೇಡ, ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿದೆ.
ಬರುವಾಗ ಒಂದು ಬ್ರೆಡ್ಡು ತಾ. ಇವತ್ತಿನದು.