ಗುಲಗಂಜಿ ತೂಕ

ಶಹಾಪುರದ ಸರಾಫ ಗಲ್ಲಿಯಲ್ಲಿ ನಮ್ಮ ಅಂಗಡಿ ಮುಚ್ಚಿ ಆರು ವರ್ಷ.
ಅಪ್ಪನ ತಕ್ಕಡಿಯನ್ನು ಮಾತ್ರ ನಾನು ಮಾರಲಿಲ್ಲ.
ಅದನ್ನು ಕೇಳಿಕೊಂಡು ಬಂದರು ಸಾಂಬ್ರೇಕರ ಕಾಕಾ,
ಪಲ್ಟನ್ನಿನಲ್ಲಿ ಇಪ್ಪತ್ತೆರಡು ವರ್ಷ ಬಂದೂಕು ಬಿಚ್ಚಿ ಕೂಡಿಸಿದವರು.
"ಪತ್ತಾರರ ಮಗಳಲ್ಲೇನು?
ಮುಳ್ಳು ಎಲ್ಲಿ ನಿಂತೈತಿ ಅಂತ ನೋಡಾಕ ಬರತೈತಲ್ಲ?
ಅಷ್ಟು ಸಾಕು."

ಕ್ಲಬ್ಬಿನ ಹಿಂದಿನ ಖೋಲಿ. ಗೋಡೆಗೆ ಪರವಾನಗಿ, ಅದರ ಕೆಳಗೆ
ಖಡುವಿನಲ್ಲಿ ಬರೆದದ್ದು: ಬೀಡಿ ಇಲ್ಲ, ಫೋನಿಲ್ಲ, ಮಾತಿಲ್ಲ.
ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು. ಎರಡನೆಯದು
ಕಪಾಟಿನಿಂದ ಹೊರಬರುವುದು ಇದು ಒಳಹೋದ ಮೇಲೆಯೇ.
ಅಪ್ಪನಿಗೆ ಗುಲಗಂಜಿ, ಕಾಕಾರಿಗೆ ಗ್ರೇನು;
ಒಂದು ಗುಲಗಂಜಿಗೆ ಎರಡು ಗ್ರೇನು, ತುಸು ಕಡಿಮೆ.
ಆ ತುಸುವಿನಲ್ಲೇ ನಮ್ಮಿಬ್ಬರ ಸಂಸಾರ ಅಂದೆ,
ಅವರು ನಗಲಿಲ್ಲ.

ಅಂದು ಐವತ್ತು ಪಿಸ್ತೂಲಿನ ಕಾಡತೂಸು.
ತೊಳೆದು ಒಣಗಿಸಿದ ಹಿತ್ತಾಳೆ, ಬಾಯಿ ಮೇಲೆ ಮಾಡಿ ನಿಂತದ್ದು
ಗೂಡಿನಲ್ಲಿ ಹಕ್ಕಿಮರಿಗಳ ಹಾಗೆ. ನಾನು ತೂಗಿ ಸುರಿದೆ,
ಕಾಕಾ ಸೀಸದ ಗುಂಡು ಕೂರಿಸಿ ಹಿಡಿಕೆ ಒತ್ತಿದರು.
ಎಲ್ಲೋ ನಡುವೆ ನನಗೆ ಬಾಯಿ ತಡೆಯಲಿಲ್ಲ.
ಅಪ್ಪ ಮಾಡುತ್ತಿದ್ದುದೂ ಗುಂಡೇ ಕಾಕಾ,
ಬೋರಮಾಳದ್ದು, ಒಳಗೆ ಅರಗು, ಮೇಲೆ ಎಲೆಯಷ್ಟು ಬಂಗಾರ,
ಒಂದು ಸಲ ನರಗುಂದದ ಬೀಗರು...

ಕತೆ ಮುಗಿಯಿತು, ಐವತ್ತೂ ಮುಗಿದವು.
ಕಾಕಾ ಉಳಿದ ಮದ್ದನ್ನು ತೂಗಿದರು,
ಪುಸ್ತಕ ನೋಡಿದರು, ಮತ್ತೆ ತೂಗಿದರು.
"ಥಾಂಬ," ಅಂದರು.
ಒಬ್ಬರ ಪಾಲು ಕಡಿಮೆ.
ಮೇಜಿನ ಮೇಲೆ ಚೆಲ್ಲಿರಲಿಲ್ಲ, ನೆಲದ ಮೇಲೂ.
ಐವತ್ತರಲ್ಲಿ ಯಾವುದೋ ಒಂದು
ಎರಡು ಸಲ ಉಂಡು ಸುಮ್ಮನೆ ಕೂತಿತ್ತು.

ತೂಗಿ ನೋಡೋಣ ಅಂದೆ.
"ಹಿತ್ತಾಳಿಗೆ ಹಿತ್ತಾಳಿ ಸಮ ಇರೂದಿಲ್ಲ ಮಗಾ.
ತೂಕದಾಗ ಅದು ಅಡಗತೈತಿ."

ಸುತ್ತಿಗೆಯಂಥ ಒಂದು ಉಪಕರಣ, ಅದರ ಹೊಟ್ಟೆಯಲ್ಲಿ ಕಾಡತೂಸು;
ಮರದ ತುಂಡಿನ ಮೇಲೆ ಠಕ್, ಠಕ್,
ಮೂರನೆಯದಕ್ಕೆ ಗುಂಡು ಕಳಚಿ ಮದ್ದು ಬಿಚ್ಚಿಕೊಳ್ಳುವುದು.
ಕೂಡಿಸಲು ಎರಡು ತಾಸು ಹಿಡಿದದ್ದು
ಬಿಡಿಸಲು ನಾಲ್ಕು.
ಮೂವತ್ತೇಳನೆಯದರಲ್ಲಿ ಸಿಕ್ಕಿತು. ಕಪ್ಪು ಕಂಠಮಟ್ಟ.
ನಾನು ಉಸಿರುಬಿಟ್ಟು ಕುರ್ಚಿ ಹಿಂದೆ ಸರಿಸಿದೆ.
ಕಾಕಾ ಮೂವತ್ತೆಂಟನೆಯದನ್ನು ಎತ್ತಿಕೊಂಡಿದ್ದರು.
"ಒಂದು ಸಿಕ್ಕತು ಅಂದರ
ಇನ್ನೊಂದು ಇಲ್ಲಂತ ಯಾರು ಬರಕೊಟ್ಟಾರ?"

ಯಾರು ತಪ್ಪಿದ್ದು ಎಂದು ಅವರು ಕೇಳಲೇ ಇಲ್ಲ.
ಗುಲಗಂಜಿಗೆ ತನ್ನ ಕಪ್ಪು ಕಾಣುವುದಿಲ್ಲ ಅನ್ನುತ್ತಾರೆ;
ನನಗೆ ಆ ರಾತ್ರಿ ಕಂಡಿತು, ಠಕ್ಕಿಗೊಂದು ಸಲ.
ಹೊರಗೆ ಕ್ಯಾಂಪಿನ ಬೀದಿದೀಪ, ಜುಲೈ ಜಿಟಿಜಿಟಿ,
ಬೆಳಗಿನ ಮೂರಕ್ಕೆ ಮತ್ತೆ ಮೊದಲಿನಿಂದ:
ತೂಗು, ಸುರಿ. ಗುಂಡು ಕೂರಿಸುವ ಮುನ್ನ
ಬ್ಯಾಟರಿ ಹಿಡಿದು ಐವತ್ತೂ ಬಾಯಿಯೊಳಗೆ ಇಣುಕು.
ನಾನು ಉಸಿರನ್ನೂ ಅಳೆದು ಬಿಟ್ಟೆ.

ಮರುದಿನ ಹೊಡೆದವಳು ಮಕಾನದಾರರ ನಾಜನೀನ್,
ಹನ್ನೊಂದನೇ ಇಯತ್ತೆ, ಅಕ್ಕನ ಮದುವೆಯ ಮೆಹಂದಿ
ಇನ್ನೂ ಕೆಂಪಗಿತ್ತು ಪಿಸ್ತೂಲಿನ ಹಿಡಿಕೆಯ ಮೇಲೆ.
ಎಂಟು, ಒಂಬತ್ತು, ಏಳು, ಎಂಟು.
ಪ್ರತಿ ಸದ್ದಿಗೂ ನಾನು ಗುರಿಹಲಗೆ ನೋಡಲಿಲ್ಲ,
ಅವಳ ಬೆರಳು ನೋಡಿದೆ. ಐದು. ಐದು. ಐದು.

ನಾಲ್ಕನೇ ಸ್ಥಾನ. ಹುಡುಗಿ ಸಿಟ್ಟಾದಳು.
"ನಿಮ್ಮ ಮದ್ದಿನಾಗ ದಮ್ಮಿಲ್ರೀ ಆಂಟಿ," ಅಂದು
ಬಿಸಿ ಹಿತ್ತಾಳೆಯನ್ನು ನನ್ನ ಚೀಲಕ್ಕೆ ಸುರಿದಳು.
ಹೌದವ್ವ ಅಂದೆ. ಎಣಿಸಿದೆ:
ನಲವತ್ತೊಂಬತ್ತು.
ಕಾಕಾ ಆಗಲೇ ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿ
ಹುಡುಕತೊಡಗಿದ್ದರು.